ಬಂದೂಕಿನ ನಳಿಗೆ ಎಷ್ಟು ಉದ್ದ ಇರಬೇಕು? ಧಾರವಾಡ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಂದೂಕು ಕೊಳ್ಳುವ ಮಾತು ಬಂದರೆ ನಮ್ಮ ಕಡೆ ಮೊದಲು ಏಳುವ ಪ್ರಶ್ನೆ ನಳಿಗೆಯದ್ದು. ‘ಉದ್ದ ಇದ್ದಷ್ಟು ದೂರ ಹೊಡೀತದ’ ಅನ್ನುವ ಮಾತನ್ನು ಹೊಲದ ಬದುವಿನ ಮೇಲೂ ಕೇಳಿದ್ದೇನೆ, ಶೂಟಿಂಗ್ ರೇಂಜಿನಲ್ಲೂ ಕೇಳಿದ್ದೇನೆ. ಅದು ಅರ್ಧ ನಿಜ, ಅಷ್ಟೇ. ಇನ್ನು ಆ ದೂರ ನಮಗೆ ಬೇಕಾ ಅನ್ನುವುದು ಬೇರೆಯೇ ಪ್ರಶ್ನೆ. ಲೈಸೆನ್ಸ್ ಇರುವ ರೈತರು, ಕ್ಲಬ್ಬಿಗೆ ಮಕ್ಕಳನ್ನು ಸೇರಿಸುವ ಅಪ್ಪ-ಅಮ್ಮಂದಿರು, ಅಜ್ಜನ ಜೋಡುನಳಿಗೆ ಬಂದೂಕು ಕೈಗೆ ಬಂದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಹಾಕಿದ್ದೇನೆ.

ಬೇಟೆಗೆ ರೈಫಲ್ ತಗೋಬೇಕು ಅಂತಿದ್ದೇನೆ. ಎಷ್ಟು ಇಂಚಿನ ನಳಿಗೆ ಒಳ್ಳೆಯದು?

ಬೇಟೆಗೆ ಅಂದರೆ ಯಾವ ಇಂಚೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸಿದೆ. ಚಿಗರಿ (ಕೃಷ್ಣಮೃಗ) ಮತ್ತು ನವಿಲು ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಅವುಗಳನ್ನು ಕೊಂದರೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೂ ಜೈಲು. ರಾಣೆಬೆನ್ನೂರಿನ ಅಭಯಾರಣ್ಯ ಇರುವುದೇ ಚಿಗರಿಗಾಗಿ. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೂ ಅದರ ಹೆಸರನ್ನೇ ಇಟ್ಟಿದ್ದೇವೆ.

ಮೊಲ, ಕೌಜುಗ ಹೊಡೆದರೆ ಯಾರೂ ಕೇಳಲ್ಲ ಅನ್ನುವವರಿದ್ದಾರೆ. ಅವಕ್ಕೂ ಇದೇ ಕಾಯ್ದೆಯ ರಕ್ಷಣೆ ಇದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಬಾತುಗಳ ಕಡೆಗಂತೂ ಬಂದೂಕು ತಿರುಗಿಸುವ ಮಾತೇ ಬೇಡ. 2024ರಿಂದ ಆ ಕೆರೆ ರಾಮ್ಸರ್ ಪಟ್ಟಿಯಲ್ಲಿದೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ.

ಹಾಗಾದರೆ ನಳಿಗೆಯ ಲೆಕ್ಕ ಯಾರಿಗೆ ಬೇಕು? ಬೆಳೆ ಕಾಯಲು ಲೈಸೆನ್ಸ್ ಪಡೆದವರಿಗೆ, ಜೀವರಕ್ಷಣೆಗೆ ಅಂತ ಇಟ್ಟುಕೊಂಡವರಿಗೆ, ಗುರಿ ಹೊಡೆಯುವ ಆಟದವರಿಗೆ, ಹೊರದೇಶದಲ್ಲಿರುವ ನಮ್ಮವರಿಗೆ. ಮುಂದಿನದೆಲ್ಲ ಇವರಿಗಾಗಿ.

ಕಾಡುಹಂದಿ ಗೋವಿನಜೋಳ ಪೂರ್ತಿ ಹಾಳು ಮಾಡುತ್ತಿದೆ. ಲೈಸೆನ್ಸ್ ಇದ್ದರೆ ಹೊಡೆಯಬಹುದಾ?

ಲೈಸೆನ್ಸ್ ಇರುವುದು ಬಂದೂಕು ಇಟ್ಟುಕೊಳ್ಳಲು. ಹಂದಿ ಹೊಡೆಯಲು ಬೇರೆ ಅನುಮತಿ ಬೇಕು. ಈ ಎರಡನ್ನೂ ಒಂದೇ ಅಂದುಕೊಂಡು ಸಿಕ್ಕಿಬಿದ್ದವರು ಬಹಳ.

2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಎರಡನೇ ಪಟ್ಟಿಯ ಪ್ರಾಣಿ ಜನರಿಗೆ ಅಥವಾ ನಿಂತ ಬೆಳೆಗೆ ಅಪಾಯ ಆದಾಗ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲವೇ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. 11ನೇ ಕಲಮಿನಲ್ಲಿ ಇದು ಇದೆ. ಆ ಕಾಗದ ಕೈಯಲ್ಲಿ ಇಲ್ಲದೆ ಗುಂಡು ಹಾರಿಸಿದರೆ ನೀವು ಆರೋಪಿ. ಅನುಮತಿ ಇದ್ದರೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಅಡುಗೆ ಮನೆಗೆ ಬರುವ ಹಾಗಿಲ್ಲ.

ಕಪ್ಪತಗುಡ್ಡದ ಸುತ್ತಲಿನ ಶಿರಹಟ್ಟಿ, ಮುಂಡರಗಿ ಕಡೆಯವರು, ಕಲಘಟಗಿಯ ಕಾಡಂಚಿನವರು ಮೊದಲು ಮಾಡಬೇಕಾದದ್ದು ಬೆಳೆಹಾನಿಯ ಅರ್ಜಿ. ಹೊಲದಲ್ಲಿ ನಿಂತು ಫೋಟೋ ತೆಗೆಯಿರಿ, ಪಹಣಿ ಜೊತೆಗಿಡಿ, ವಲಯ ಅರಣ್ಯ ಕಚೇರಿಗೆ ಕೊಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಪರಿಹಾರ ಸಾಲದು ಅನ್ನುವ ಸಿಟ್ಟು ನ್ಯಾಯವಾದದ್ದೇ. ಆದರೆ ಉರುಲು, ಸಿಡಿಮದ್ದು, ಕರೆಂಟು ತಂತಿ ಇವು ಸಿಟ್ಟಿಗೆ ಉತ್ತರ ಅಲ್ಲ. ಇವುಗಳಿಗೆ ಎತ್ತೂ ಬಲಿಯಾಗುತ್ತದೆ, ಪಕ್ಕದ ಹೊಲದವನೂ ಬಲಿಯಾಗುತ್ತಾನೆ.

ನಳಿಗೆಯ ಉದ್ದಕ್ಕೆ ಕಾನೂನಿನಲ್ಲಿ ಏನಾದರೂ ಅಳತೆ ಇದೆಯಾ?

ಇದೆ. 1959ರ ಆಯುಧ ಕಾಯ್ದೆಯ 13ನೇ ಕಲಮು ನೋಡಿ. ರಕ್ಷಣೆಗೆ ಅಥವಾ ಆಟಕ್ಕೆ ಲೈಸೆನ್ಸ್ ಕೊಡಬಹುದಾದ ನುಣುಪು ನಳಿಗೆಯ (ರೈಫಲ್ಲಿನ ಹಾಗೆ ಒಳಗೆ ಸುರುಳಿ ಗೀರು ಇಲ್ಲದ) ಬಂದೂಕಿಗೆ ಕನಿಷ್ಠ 20 ಇಂಚಿನ ನಳಿಗೆ ಇರಬೇಕು ಅಂತ ಅಲ್ಲಿದೆ. 20 ಇಂಚು ಅಂದರೆ 508 ಮಿಲಿಮೀಟರ್. ಬೆಳೆ ಕಾಯಲು ಅಂತ ಕೇಳಿದರೆ ಮೊದಲು ಸಿಗುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿನ ಲೈಸೆನ್ಸ್. ಅದು ಸಾಲುವುದಿಲ್ಲ ಅಂತ ಅಧಿಕಾರಿಗೆ ಮನವರಿಕೆ ಆದರೆ ಬೇರೆ ನುಣುಪು ನಳಿಗೆಯ ಬಂದೂಕಿಗೆ ಕೊಡಬಹುದು.

ಇದೇ ಕಲಮಿನಲ್ಲಿ ಪಾಯಿಂಟ್ 22 ರೈಫಲ್ಲಿನ (ನಳಿಗೆಯ ಒಳಗಲ, ಅಂದರೆ ಬೋರು, 0.22 ಇಂಚು) ಮಾತೂ ಇದೆ. ಮಾನ್ಯತೆ ಇರುವ ರೈಫಲ್ ಕ್ಲಬ್ಬಿನ ಸದಸ್ಯರಿಗೆ, ಗುರಿ ಅಭ್ಯಾಸಕ್ಕೆ. ಉಳಿದ ರೈಫಲ್‌ಗಳಿಗೆ ‘ತಕ್ಕ ಕಾರಣ’ ತೋರಿಸಬೇಕು. ನನಗೆ ಇಷ್ಟ ಅನ್ನುವುದು ಕಾರಣ ಆಗುವುದಿಲ್ಲ.

ನಳಿಗೆಯನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು?

ಹೊರಗೆ ಕಾಣುವ ಕೊಳವೆಯನ್ನಷ್ಟೇ ಅಳೆದು ಫೋನ್ ಮಾಡುವವರು ಜಾಸ್ತಿ. ಹಾಗೆ ಅಳೆದರೆ ತಪ್ಪಾಗುತ್ತದೆ. ತೋಟಾ ಕೂರುವ ಕೋಣೆಯೂ ನಳಿಗೆಯ ಲೆಕ್ಕಕ್ಕೇ ಸೇರುತ್ತದೆ.

ಜೋಡುನಳಿಗೆ, ಒಂಟಿನಳಿಗೆಯ ಮುರಿಬಂದೂಕಾದರೆ (ನಡುವೆ ಮಡಚಿ ತೋಟಾ ಹಾಕುವಂಥದ್ದು) ಸುಲಭ. ಬಂದೂಕು ಮಡಚಿ, ತೋಟಾ ತೆಗೆದು, ನಳಿಗೆ ಬಿಚ್ಚಿ, ನಳಿಗೆಯ ಹಿಂದಿನ ಅಂಚಿನಿಂದ ಬಾಯಿಯವರೆಗೆ ಟೇಪು ಹಿಡಿಯಿರಿ. ಬೋಲ್ಟ್ (ತೋಟಾ ಕೋಣೆಯನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ಸರಳು) ಇರುವ ರೈಫಲ್ ಆದರೆ ಮ್ಯಾಗಜಿನ್ (ತೋಟಾ ತುಂಬಿಡುವ ಡಬ್ಬಿ) ತೆಗೆಯಿರಿ. ಬೋಲ್ಟ್ ಹಿಂದಕ್ಕೆಳೆದು ಕೋಣೆ ಖಾಲಿ ಇದೆಯಾ ಅಂತ ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ. ಆಮೇಲೆ ಬೋಲ್ಟ್ ಮುಚ್ಚಿ, ಒರೆಸುವ ಕಡ್ಡಿಯನ್ನು ಬಾಯಿಯ ಕಡೆಯಿಂದ ನಿಧಾನ ಇಳಿಸಿ. ಬೋಲ್ಟಿನ ಮುಖಕ್ಕೆ ತಾಗಿದಾಗ ‘ಟಕ್’ ಅನ್ನುತ್ತದೆ. ಬಾಯಿಯ ಅಂಚಿಗೆ ಸರಿಯಾಗಿ ಕಡ್ಡಿಗೆ ಒಂದು ಟೇಪಿನ ಗುರುತು ಹಚ್ಚಿ, ಹೊರಗೆ ತೆಗೆದು ಅಳೆಯಿರಿ. ತಿರುಪಿ ಬಿಚ್ಚಬಹುದಾದ ತುದಿ ಭಾಗಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಳಿಗೆ ಉದ್ದ ಇದ್ದರೆ ನಿಜವಾಗಿಯೂ ದೂರ ಹೊಡೆಯುತ್ತದಾ?

ವೇಗ ಸ್ವಲ್ಪ ಹೆಚ್ಚುತ್ತದೆ. ಮದ್ದು ಉರಿದು ಆಗುವ ಬಿಸಿ ಗಾಳಿ ಗುಂಡನ್ನು ಹಿಂದಿನಿಂದ ನೂಕುತ್ತದೆ. ಗುಂಡು ನಳಿಗೆಯ ಒಳಗೆ ಇರುವಷ್ಟು ಹೊತ್ತು ಮಾತ್ರ ಈ ನೂಕು. ನಳಿಗೆ ಉದ್ದವಾದರೆ ನೂಕು ಇನ್ನಷ್ಟು ಹೊತ್ತು ಸಿಗುತ್ತದೆ. ಆದರೆ ಗುಂಡು ಮುಂದೆ ಹೋದ ಹಾಗೆ ಹಿಂದಿನ ಜಾಗ ದೊಡ್ಡದಾಗುತ್ತದೆ, ಒತ್ತಡ ಬೀಳುತ್ತದೆ. ಹಾಗಾಗಿ ಮೊದಲ ಇಂಚುಗಳ ಲಾಭ ದೊಡ್ಡದು, ಕೊನೆಯ ಇಂಚುಗಳದ್ದು ಸಣ್ಣದು.

ಲೆಕ್ಕ ಹಾಕಿ ನೋಡೋಣ. ತರ್ಟಿ ನಾಟ್ ಸಿಕ್ಸ್ (.30-06) ರೈಫಲ್ಲಿನ 180 ಗ್ರೇನ್ (ಸುಮಾರು 11.7 ಗ್ರಾಂ) ಗುಂಡು 24 ಇಂಚಿನ ನಳಿಗೆಯಿಂದ ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ. ಈ ಥರದ ರೈಫಲ್‌ಗಳಲ್ಲಿ ಇಂಚಿಗೆ ಏಳೆಂಟು ಮೀಟರ್ ವೇಗ ಹೆಚ್ಚುಕಡಿಮೆ ಆಗುತ್ತದೆ ಅಂತ ಹಿಡಿಯಬಹುದು. 20 ಇಂಚಿಗೆ ಇಳಿಸಿದರೆ ವೇಗ 790ರ ಹತ್ತಿರ. ನೂರು ಮೀಟರಿನಲ್ಲಿ ಈ ಎರಡು ಗುಂಡುಗಳ ಇಳಿತದ ವ್ಯತ್ಯಾಸ ಒಂದು ಸೆಂಟಿಮೀಟರಿಗಿಂತ ಕಡಿಮೆ. ಗುರಿ ಸರಿಹೊಂದಿಸಿದ ಮೇಲೆ ಅದೂ ಇಲ್ಲ. ನಾಲ್ಕು ಇಂಚು ಉಕ್ಕಿಗೆ ಇಷ್ಟೇ ಫಲ.

ಈಗ ದೂರದ ಮಾತು. ಪಾಯಿಂಟ್ 22ರ ಪುಟ್ಟ ಗುಂಡೇ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ತರ್ಟಿ ನಾಟ್ ಸಿಕ್ಸ್ ನಾಲ್ಕು ಕಿಲೋಮೀಟರ್ ದಾಟುತ್ತದೆ. ನವಲಗುಂದ, ಅಣ್ಣಿಗೇರಿ, ರೋಣದ ಎರೆ ಭೂಮಿ ನೋಡಿದ್ದೀರಲ್ಲ? ಕಣ್ಣು ಹಾಯಿಸಿದಷ್ಟು ಸಪಾಟು. ಗುಂಡು ತಡೆಯಲು ಒಂದು ದಿನ್ನೆ ಇಲ್ಲ. ಕಡಲೆ ಹೊಲದಲ್ಲಿ ಆಳುಗಳು ಬಗ್ಗಿ ಕೆಲಸ ಮಾಡುತ್ತಿದ್ದರೆ ನೂರು ಮಾರು ದೂರದಿಂದ ಕಾಣುವುದೇ ಕಷ್ಟ. ಇಂಥ ನೆಲದಲ್ಲಿ ‘ದೂರ ಹೊಡೆಯುವ ಬಂದೂಕು’ ಬೇಕು ಅನ್ನುವವರನ್ನು ಕಂಡರೆ ನನಗೆ ದಿಗಿಲು. ನಮ್ಮ ಹೊಲಗಳಿಗೆ ಬೇಕಾದದ್ದು ಹತ್ತಿರದಲ್ಲೇ ಕೆಲಸ ಮುಗಿಸಿ ಅಲ್ಲೇ ಶಕ್ತಿ ಕಳೆದುಕೊಳ್ಳುವ ಆಯುಧ. ಅಂಥ ಬಂದೂಕಿನಲ್ಲಿ ನಳಿಗೆಯ ಉದ್ದ ದೊಡ್ಡ ವಿಷಯವೇ ಅಲ್ಲ.

ಉದ್ದ ನಳಿಗೆಯಿಂದ ಗುರಿ ಜಾಸ್ತಿ ಸರಿಯಾಗಿ ಬೀಳುತ್ತದೆ ಅಂತಾರಲ್ಲ?

ಎರಡು ವಿಷಯ ಇಲ್ಲಿ ಕಲಸಿಹೋಗಿವೆ.

ಬಂದೂಕಿನ ಮೇಲೆ ಮುಂದೊಂದು ಹಿಂದೊಂದು ಗುರಿಕಡ್ಡಿ ಮಾತ್ರ ಇದ್ದರೆ, ಅವುಗಳ ನಡುವಿನ ಅಂತರ ಹೆಚ್ಚಿದಷ್ಟೂ ಕಣ್ಣಿನ ತಪ್ಪು ಕಡಿಮೆಯಾಗುತ್ತದೆ. ಅಂತರ 50 ಸೆಂಟಿಮೀಟರ್ ಇದ್ದಾಗ ಮುಂದಿನ ಕಡ್ಡಿ ಒಂದು ಮಿಲಿಮೀಟರ್ ಆಚೀಚೆಯಾದರೆ 50 ಮೀಟರಿನಲ್ಲಿ ಗುಂಡು 10 ಸೆಂಟಿಮೀಟರ್ ತಪ್ಪುತ್ತದೆ. ಅಂತರ 70 ಆದರೆ ಅದೇ ತಪ್ಪು 7 ಸೆಂಟಿಮೀಟರಿಗೆ ಇಳಿಯುತ್ತದೆ. ಹಳಬರು ಉದ್ದ ನಳಿಗೆಯನ್ನು ಹೊಗಳಿದ್ದು ಇದಕ್ಕೆ. ಅವರ ಮಾತು ಸುಳ್ಳಲ್ಲ. ಆದರೆ ದೂರದರ್ಶಕ ಕೂರಿಸಿದ ಮೇಲೆ ಈ ಲೆಕ್ಕ ನಡೆಯುವುದಿಲ್ಲ.

ನಳಿಗೆಯ ಸ್ವಂತ ಗುಣ ಬೇರೆ. ಗುಂಡು ಹಾರುವಾಗ ನಳಿಗೆ ನಡುಗುತ್ತದೆ. ಅದೇ ದಪ್ಪದ ಉಕ್ಕಿನಲ್ಲಿ ಉದ್ದವಾದದ್ದು ಹೆಚ್ಚು ಬಾಗುತ್ತದೆ. ತುದಿಗೆ ಅಷ್ಟೇ ಬಲ ಬಿದ್ದರೆ 26 ಇಂಚಿನದ್ದು 20 ಇಂಚಿನದ್ದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಬಾಗುತ್ತದೆ. ಅಂದರೆ ತೆಳು ನಳಿಗೆಯಲ್ಲಿ ಗಿಡ್ಡದ್ದೇ ಎಷ್ಟೋ ಸಲ ಒಂದೇ ಕಡೆ ಹೊಡೆಯುತ್ತದೆ. ನಳಿಗೆಯ ಬಾಯಿಯ ಅಂಚು ಜಜ್ಜಿದ್ದರೆ, ಕಡ್ಡಿ ತಿಕ್ಕಿ ತಿಕ್ಕಿ ಒಂದು ಪಕ್ಕ ಸವೆದಿದ್ದರೆ, 30 ಇಂಚು ಇದ್ದರೂ ಸುಮ್ನೆ. ಕೊಳ್ಳುವಾಗ ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಉಗುರು ಆಡಿಸಿದರೆ ತರಚು ಗೊತ್ತಾಗುತ್ತದೆ.

ಹನ್ನೆರಡು ಬೋರಿಗೆ 28 ಇಂಚು ತಗೊಳ್ಳಲಾ, 30 ತಗೊಳ್ಳಲಾ?

ಕೈಗೆ ಯಾವುದು ಸಲೀಸೋ ಅದು. ಇದನ್ನು ಹೇಳಿದರೆ ಕೇಳಿದವರಿಗೆ ಸಮಾಧಾನ ಆಗುವುದಿಲ್ಲ. ಹಾಗಾಗಿ ಕಾರಣವನ್ನೂ ಹೇಳುತ್ತೇನೆ.

ಈಗಿನ ತೋಟಾಗಳಲ್ಲಿರುವ ಹೊಗೆ ಇಲ್ಲದ ಮದ್ದು ಬೇಗ ಉರಿಯುತ್ತದೆ. ಹದಿನೆಂಟಿಪ್ಪತ್ತು ಇಂಚಿನ ಒಳಗೆ ಅದರ ಮುಖ್ಯ ಕೆಲಸ ಮುಗಿದಿರುತ್ತದೆ. ಆಮೇಲಿನ ಪ್ರತಿ ಇಂಚಿಗೆ ಸೆಕೆಂಡಿಗೆ ಎರಡು ಮೂರು ಮೀಟರ್ ವೇಗ ಸೇರಬಹುದು. 28ಕ್ಕೂ 30ಕ್ಕೂ ನಡುವಿನ ವ್ಯತ್ಯಾಸ ಹೊಲದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹಂದಿಗೂ ಗೊತ್ತಾಗುವುದಿಲ್ಲ.

ಉದ್ದದಿಂದ ಬದಲಾಗುವುದು ತೂಕದ ಹಂಚಿಕೆ. ಉದ್ದ ನಳಿಗೆ ಮುಂದಕ್ಕೆ ಭಾರ. ಒಮ್ಮೆ ತಿರುಗಿಸಲು ಶುರು ಮಾಡಿದರೆ ಸರಾಗ ಸಾಗುತ್ತದೆ, ನಡುವೆ ನಿಲ್ಲುವುದಿಲ್ಲ. ಹಾರುವ ಮಣ್ಣಿನ ತಟ್ಟೆ ಹೊಡೆಯುವ ಟ್ರ್ಯಾಪ್ ಆಟದವರು 30, 32 ಇಂಚು ಇಷ್ಟಪಡುವುದು ಅದಕ್ಕೆ. ಹತ್ತಿರದಿಂದ ಬೇಗ ಅಡ್ಡ ಹಾಯುವ ತಟ್ಟೆಗಳ ಸ್ಕೀಟ್ ಆಟಕ್ಕೆ 28 ಹಿಡಿಯುವವರು ಹೆಚ್ಚು. ಮನೆಯ ಬಾಗಿಲು, ಮಂಚಿಗೆಯ ಏಣಿ, ಟ್ರ್ಯಾಕ್ಟರಿನ ಸೀಟು ಇವುಗಳ ನಡುವೆ ಓಡಾಡುವ ರೈತರಿಗೆ 26, 28 ಸಾಕು.

ಪಂಪ್ ಆಕ್ಷನ್ ಬಂದೂಕಾದರೆ (ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವಂಥದ್ದು) ಇನ್ನೊಂದು ಮಾತು. ಅದರ ಹಿಂಭಾಗದ ಯಂತ್ರವೇ ಉದ್ದ. ಜೋಡುನಳಿಗೆಯಲ್ಲಿ ಆ ಭಾಗ ಚಿಕ್ಕದು. ಹಾಗಾಗಿ ನಳಿಗೆ ಎರಡರದ್ದೂ 28 ಇಂಚೇ ಆದರೂ ಪೂರ್ತಿ ಬಂದೂಕು ಪಂಪಿನದ್ದೇ ಉದ್ದ. ಅಂಗಡಿಯಲ್ಲಿ ನಳಿಗೆಯ ಅಳತೆ ಮಾತ್ರ ಕೇಳಿ ಬರಬೇಡಿ.

ಗುಂಡಿನ ಕಾಳು ಬಹಳ ಚದುರುತ್ತವೆ. ಉದ್ದ ನಳಿಗೆ ಹಾಕಿಸಿದರೆ ಸರಿಹೋಗುತ್ತದಾ?

ಇಲ್ಲ. ಚದುರುವುದನ್ನು ಹಿಡಿಯುವುದು ಉದ್ದ ಅಲ್ಲ, ಚೋಕ್. ನಳಿಗೆಯ ಬಾಯಿಯ ಹತ್ತಿರ ಒಳಗಡೆ ಸ್ವಲ್ಪ ಬಿಗಿ ಮಾಡಿರುತ್ತಾರೆ. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ ಹಾಗೆ. ಹನ್ನೆರಡು ಬೋರಿನ ಒಳಗಲ ಸುಮಾರು 18.5 ಮಿಲಿಮೀಟರ್. ಪೂರ್ತಿ ಚೋಕ್ ಅಂದರೆ ಅದರಲ್ಲಿ ಒಂದು ಮಿಲಿಮೀಟರಿನಷ್ಟು ಬಿಗಿ.

40 ಗಜ ದೂರದಲ್ಲಿ 30 ಇಂಚಿನ ವೃತ್ತ ಬರೆದು ಹೊಡೆದರೆ ಪೂರ್ತಿ ಚೋಕಿನ ಬಂದೂಕು ನೂರಕ್ಕೆ 70 ಕಾಳನ್ನು ವೃತ್ತದೊಳಗೆ ಹಾಕಬೇಕು. ಅರ್ಧ ಚೋಕು 60. ಬಿಗಿಯೇ ಇಲ್ಲದ ನೇರ ನಳಿಗೆ 40. ಇದು ವ್ಯಾಪಾರದಲ್ಲಿ ಎಲ್ಲರೂ ಒಪ್ಪಿದ ಲೆಕ್ಕ. ನಿಮ್ಮ ಬಂದೂಕು ಯಾವ ಥರದ್ದು ಅಂತ ತಿಳಿಯಲು ರೇಂಜಿನಲ್ಲಿ ದೊಡ್ಡ ಕಂದು ಕಾಗದ ಕಟ್ಟಿ ಹೊಡೆದು ಎಣಿಸಿ. ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ಎರಡು ನಳಿಗೆಗೂ ಬೇರೆ ಬೇರೆ ಚೋಕ್ ಇರುತ್ತದೆ. ಬಹಳ ಜನ ಜೀವನಪೂರ್ತಿ ಅದನ್ನು ಗಮನಿಸುವುದೇ ಇಲ್ಲ.

ಹನ್ನೆರಡು ಅನ್ನುವ ಅಂಕಿ ಎಲ್ಲಿಂದ ಬಂತು ಅಂತಲೂ ಕೇಳುತ್ತಾರೆ. ಒಂದು ಪೌಂಡ್ ಸೀಸವನ್ನು ಸಮನಾದ 12 ಗೋಲಿ ಮಾಡಿದರೆ ಒಂದು ಗೋಲಿ ಈ ನಳಿಗೆಗೆ ಸರಿಯಾಗಿ ಕೂರುತ್ತದೆ. ಅದಕ್ಕೇ ಹದಿನಾರು ಬೋರು ಹನ್ನೆರಡಕ್ಕಿಂತ ಸಣ್ಣದು.

ಕೇಪಿನ ಬಂದೂಕುಗಳ ನಳಿಗೆ ಯಾಕೆ ಅಷ್ಟು ಉದ್ದ?

ಬಾಯಿಂದ ಮದ್ದು ತುಂಬಿ, ಹಿಂದೆ ಕಿಡಿ ಹೊತ್ತಿಸುವ ಪುಟ್ಟ ಕೇಪು ಹಾಕಿ ಹೊಡೆಯುವ ಬಂದೂಕು ಅದು. ಅದರಲ್ಲಿ ತುಂಬುವುದು ಕರಿಮದ್ದು. ಅದು ಕೊಡುವ ಒತ್ತಡ ಕಡಿಮೆ. ಗುಂಡಿಗೆ ಬೇಕಾದ ವೇಗ ಬರಲು ಉದ್ದ ನಳಿಗೆ ಬೇಕಾಗುತ್ತಿತ್ತು. ಉದ್ದದ ಮಾತು ನಿಜಕ್ಕೂ ಸಲ್ಲುವುದು ಈ ಹಳೆಯ ಬಂದೂಕಿಗೆ. ನಮ್ಮ ಹಿರಿಯರು ಹೇಳುವ ಮಾತಿನ ಬೇರು ಇಲ್ಲೇ ಇದೆ.

ಮದ್ದು, ಗುಂಡು ತುಂಬಿ ಗಜದಿಂದ ಜಡಿಯುವಾಗ ಮುಖ, ಎದೆಯನ್ನು ಬಾಯಿಯ ನೇರಕ್ಕೆ ತರಬಾರದು. ನಳಿಗೆ ಉದ್ದ ಇದ್ದರೆ ಬಗ್ಗಿ ನೋಡುವ ಚಟ ಬರುತ್ತದೆ, ಹುಷಾರು. ಕೇಪನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕು. ಈಗಿನ ತೋಟಾ ಒಡೆದು ತೆಗೆದ ಮದ್ದನ್ನು ಇದಕ್ಕೆ ತುಂಬಿದರೆ ನಳಿಗೆ ಸಿಡಿಯುತ್ತದೆ. ಇದರಲ್ಲಿ ಅನುಮಾನವೇ ಬೇಡ.

ಅಜ್ಜನ ಜೋಡುನಳಿಗೆ ಬಂದೂಕಿನ ತುದಿ ತುಕ್ಕು ಹಿಡಿದಿದೆ. ಎರಡು ಇಂಚು ಕತ್ತರಿಸಿದರೆ ಹೊಸದರಂತಾಗುತ್ತದೆ ಅಂತ ಲೇತ್ ಅಂಗಡಿಯವರು ಹೇಳಿದರು.

ಮುಟ್ಟಲೇಬೇಡಿ. ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವುದು ಆಯುಧ ಕಾಯ್ದೆಯ 6ನೇ ಕಲಮಿನ ಕೆಳಗೆ ಅಪರಾಧ. ನಿಮ್ಮ ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಇದಕ್ಕೆ ಸಾಲದು, ಇದಕ್ಕೇ ಬೇರೆ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಲೇತ್ ಅಂಗಡಿಯವರಿಗೂ ಅದೇ ಶಿಕ್ಷೆ. ಅವರಿಗೂ ಹೇಳಿಬಿಡಿ.

ಕಾನೂನು ಬದಿಗಿಟ್ಟರೂ ಇದು ನಷ್ಟದ ಕೆಲಸ. ಚೋಕ್ ಇರುವುದೇ ಆ ಕೊನೆಯ ಇಂಚುಗಳಲ್ಲಿ. ಕತ್ತರಿಸಿದರೆ ಚೋಕ್ ಹೋಯಿತು. ಎರಡು ನಳಿಗೆಗಳನ್ನು ಕೂಡಿಸಿದ ಪಟ್ಟಿಯ ಬೆಸುಗೆಯೂ ಬಿಡುತ್ತದೆ. ರಿಪೇರಿಗೆ ಲೈಸೆನ್ಸ್ ಇರುವ ಬಂದೂಕು ಅಂಗಡಿಗೇ ಹೋಗಿ.

ಅಜ್ಜನ ಬಂದೂಕಿನಲ್ಲಿ ತುದಿಗಿಂತ ಹಿಂಭಾಗ ಮುಖ್ಯ. ಹಳೆಯ ಇಂಗ್ಲಿಷ್ ಬಂದೂಕುಗಳ ತೋಟಾ ಕೋಣೆ ಎರಡೂವರೆ ಇಂಚಿನದ್ದು, ಅಂದರೆ 65 ಮಿಲಿಮೀಟರ್. ಈಗ ಸಿಗುವ ತೋಟಾ ಹೆಚ್ಚಿನವು 70 ಮಿಲಿಮೀಟರಿನವು. ಹೊಡೆಯುವ ಮೊದಲು ತೋಟಾದ ತುದಿ ಮಡಿಕೆಯಾಗಿರುವುದರಿಂದ ತೋಟಾ ಸಲೀಸಾಗಿ ಒಳಗೆ ಕೂರುತ್ತದೆ. ಮೋಸ ಇರುವುದೇ ಅಲ್ಲಿ. ಹೊಡೆದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಅಲೆಅಲೆಯಾದ ಗೆರೆಗಳ ವಿನ್ಯಾಸ ಕಂಡರೆ ಅದು ಕಬ್ಬಿಣ-ಉಕ್ಕಿನ ಪಟ್ಟಿ ಹೆಣೆದು ಬೆಸೆದ ನಳಿಗೆ. ಅದಕ್ಕೆ ಈಗಿನ ತೋಟಾ ಹಾಕಲೇಬಾರದು. ಎಣ್ಣೆ ಹಚ್ಚಿ ಇಟ್ಟುಕೊಳ್ಳಿ, ನೋಡಲು ಚೆಂದ.

ಹೆಸರು ಬದಲಾವಣೆ ಮರೆಯಬೇಡಿ. ಲೈಸೆನ್ಸುದಾರರು ತೀರಿಕೊಂಡರೆ ವಾರಸುದಾರರು ಹೊಸ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಅಜ್ಜ ಇದ್ದಾರೆ, 70 ವರ್ಷ ದಾಟಿದ್ದಾರೆ ಅಂದರೆ ಅವರು ಇರುವಾಗಲೇ ವಾರಸುದಾರರ ಹೆಸರಿಗೆ ಕೇಳಲು 2016ರ ಆಯುಧ ನಿಯಮಗಳಲ್ಲಿ ದಾರಿ ಇದೆ.

ಮಗಳು ಶೂಟಿಂಗ್ ಕಲಿಯುತ್ತಾಳಂತೆ. ಏರ್ ರೈಫಲ್ಲಿಗೆ ಎಷ್ಟು ಉದ್ದದ ನಳಿಗೆ ನೋಡಲಿ?

ನಳಿಗೆ ನೋಡಬೇಡಿ. ಹಿಂದಿನ ಹಿಡಿ ಅವಳ ಭುಜಕ್ಕೆ, ಕೆನ್ನೆಗೆ ಕೂರುತ್ತದಾ ನೋಡಿ. 10 ಮೀಟರ್ ಸ್ಪರ್ಧೆಯ ರೈಫಲ್ಲಿನ ಒಳನಳಿಗೆ ಸುಮಾರು 420 ಮಿಲಿಮೀಟರ್ ಇರುತ್ತದೆ. ಹೊರಗೆ ಅದಕ್ಕಿಂತ ಉದ್ದ ಕಾಣುತ್ತದೆ, ಯಾಕೆಂದರೆ ಮುಂದೊಂದು ಟೊಳ್ಳು ಕೊಳವೆ ಸೇರಿಸಿರುತ್ತಾರೆ. ಅದು ಗುರಿಕಡ್ಡಿಗಳ ಅಂತರ ಹೆಚ್ಚಿಸಲು. ಅಂತರರಾಷ್ಟ್ರೀಯ ನಿಯಮದಲ್ಲಿ ತೂಕ 5.5 ಕಿಲೋ ದಾಟಬಾರದು. ಯಂತ್ರದ ಹಿಂಬದಿಯಿಂದ ಬಾಯಿಯವರೆಗೆ 850 ಮಿಲಿಮೀಟರ್ ದಾಟಬಾರದು.

ಗುಂಡಿನ ವೇಗ ಸೆಕೆಂಡಿಗೆ ಸುಮಾರು 170 ಮೀಟರ್ ಮಾತ್ರ. ಉದ್ದ ನಳಿಗೆ ಇದ್ದರೆ ಗುಂಡು ಒಳಗೇ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಕೈ ಅಲುಗುತ್ತದೆ. ಗಿಡ್ಡ ನಳಿಗೆ ಇಲ್ಲಿ ಬೇಕೆಂದೇ ಮಾಡಿದ್ದು. ಮೊದಲ ವರ್ಷ ಕ್ಲಬ್ಬಿನ ರೈಫಲ್ಲಿನಲ್ಲೇ ಕಲಿಯಲಿ. ಲಕ್ಷಗಟ್ಟಲೆ ಹಾಕಿ ಕೊಂಡ ಮೇಲೆ ಹುಡುಗಿಗೆ ಚೆಸ್ ಇಷ್ಟ ಆದರೆ ಏನು ಮಾಡುತ್ತೀರಿ?

ಸ್ಪ್ರಿಂಗಿನ ಅಗ್ಗದ ಏರ್ ರೈಫಲ್ ಆದರೆ ನಳಿಗೆಯನ್ನೇ ಮಡಚಿ ಸ್ಪ್ರಿಂಗ್ ಎಳೆಯಬೇಕು. ಅಲ್ಲಿ ಉದ್ದ ನಳಿಗೆ ಮಕ್ಕಳಿಗೆ ಅನುಕೂಲ. ವೇಗಕ್ಕಲ್ಲ, ಎಳೆಯಲು ಹಗುರ ಅನ್ನುವುದಕ್ಕೆ.

ಪಾಯಿಂಟ್ 22 ರೈಫಲ್ಲಿಗೆ?

16ರಿಂದ 18 ಇಂಚಿನಲ್ಲಿ ಅದರ ಮದ್ದಿನ ಕೆಲಸ ಮುಗಿಯುತ್ತದೆ. ಅದಕ್ಕಿಂತ ಉದ್ದವಾದರೆ ತಿಕ್ಕಾಟಕ್ಕೆ ವೇಗ ಚೂರು ಇಳಿಯಲೂಬಹುದು. ಆದರೂ 50 ಮೀಟರ್ ಸ್ಪರ್ಧೆಯ ರೈಫಲ್‌ಗಳು 26 ಇಂಚಿನ ಆಸುಪಾಸು ಇರುತ್ತವೆ. ತೂಕ ಮುಂದಿದ್ದರೆ ಕೈ ನಿಲ್ಲುತ್ತದೆ, ಗುರಿಕಡ್ಡಿ ದೂರ ಕೂರುತ್ತದೆ. ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಇದೇ ಬೋರಿನಲ್ಲಿ, 50 ಮೀಟರ್ ಮೂರು ಭಂಗಿಯ ಸ್ಪರ್ಧೆಯಲ್ಲಿ.

ಪಾಯಿಂಟ್ 315 ರೈಫಲ್ ಒಬ್ಬರು ಮಾರುತ್ತಿದ್ದಾರೆ. ನಳಿಗೆ ಗಿಡ್ಡ ಅನಿಸುತ್ತದೆ. ತಗೋಬಹುದಾ?

ನಿಮ್ಮ ಲೈಸೆನ್ಸಿನಲ್ಲಿ ರೈಫಲ್ ಅಂತ ಬರೆದಿದೆಯಾ? ಮೊದಲು ಅದು. ಇದ್ದರೆ ಗಿಡ್ಡ ಅನ್ನುವ ಕಾರಣಕ್ಕೆ ಬಿಡಬೇಡಿ, ಕಾರ್ಖಾನೆಯಿಂದಲೇ ಹಾಗೆ ಬಂದಿದೆಯಾ ಅಂತ ಮಾತ್ರ ಖಾತ್ರಿ ಮಾಡಿಕೊಳ್ಳಿ. ಕತ್ತರಿಸಿದ ಬಾಯಿಯಲ್ಲಿ ಗರಗಸದ ಗುರುತು, ಬಣ್ಣದ ವ್ಯತ್ಯಾಸ, ಗುರಿಕಡ್ಡಿ ಮತ್ತೆ ಬೆಸೆದ ಕಲೆ ಕಾಣುತ್ತದೆ. ಅಂಥದ್ದು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಗಿಡ್ಡ ನಳಿಗೆಯನ್ನು ಸೈನ್ಯದವರೇ ಎಂದೋ ಒಪ್ಪಿದ್ದಾರೆ. ಬ್ರಿಟಿಷರ ಲೀ-ಎನ್‌ಫೀಲ್ಡ್ ಮೊದಲು 30 ಇಂಚಿನದ್ದಿತ್ತು. ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಅದನ್ನು 25 ಇಂಚಿಗೆ ಇಳಿಸಿದರು. ಅದೇ ಗಿಡ್ಡ ರೈಫಲ್ಲಿನಿಂದ ಎರಡು ಮಹಾಯುದ್ಧ ಮಾಡಿದರು. ಆ ರೈಫಲ್ಲಿನ ತ್ರಿ ನಾಟ್ ತ್ರಿ ಬೋರು ನಮ್ಮಲ್ಲಿ ಸಾರ್ವಜನಿಕರಿಗೆ ನಿಷಿದ್ಧ. ಇಛಾಪುರದ ರೈಫಲ್ ಕಾರ್ಖಾನೆ ಪಾಯಿಂಟ್ 315 ಮಾಡಿದ್ದು ಲೈಸೆನ್ಸುದಾರರಿಗೆ ಮಾರುವುದಕ್ಕೇ.

ನಮ್ಮ ಅಣ್ಣ ಅಮೆರಿಕದಲ್ಲಿದ್ದಾನೆ. ಅಲ್ಲಿ ಲೈಸೆನ್ಸ್ ತಗೊಂಡು ಜಿಂಕೆ ಬೇಟೆಗೆ ಹೋಗುತ್ತಾನೆ. ಅವನಿಗೆ ಯಾವುದು ಸರಿ?

ಅವನ ರಾಜ್ಯದ ನಿಯಮ ಅವನೇ ನೋಡಿಕೊಳ್ಳಬೇಕು. ಅಲ್ಲಿನ ಕೇಂದ್ರ ಕಾನೂನಿನಲ್ಲಿ ರೈಫಲ್ಲಿನ ನಳಿಗೆ 16 ಇಂಚಿಗಿಂತ ಗಿಡ್ಡ ಇದ್ದರೆ ಬೇರೆ ನೋಂದಣಿ ಬೇಕು. ಶಾಟ್‌ಗನ್ ಆದರೆ 18.

ದಟ್ಟ ಕಾಡಿನಲ್ಲಿ, ಮರದ ಮೇಲಿನ ಅಟ್ಟಣಿಗೆಯಲ್ಲಿ ಕೂತು ನೂರು ಮೀಟರ್ ಒಳಗೆ ಹೊಡೆಯುವುದಾದರೆ 18-20 ಇಂಚು. ಬಯಲಾದರೆ 22-24. ಮದ್ದು ಜಾಸ್ತಿ ತುಂಬುವ ಮ್ಯಾಗ್ನಮ್ ತೋಟಾಗಳಿಗೆ 24-26, ಇಲ್ಲದಿದ್ದರೆ ಒಂದಷ್ಟು ಮದ್ದು ನಳಿಗೆಯ ಹೊರಗೆ ಬೆಂಕಿಯಾಗಿ ಹೋಗುತ್ತದೆ. ಬೆಟ್ಟ ಹತ್ತಿ ಹೋಗುವವನಾದರೆ ತೂಕ ನೋಡಲಿ. ತೆಳು ನಳಿಗೆಯಲ್ಲಿ ಒಂದು ಇಂಚು ಅಂದರೆ ಮೂವತ್ತು-ನಲವತ್ತು ಗ್ರಾಂ ಉಕ್ಕು. ನಾಲ್ಕು ಇಂಚು ಉಳಿಸಿದರೆ ಒಂದು ಸಣ್ಣ ನೀರಿನ ಬಾಟಲಿಯಷ್ಟೂ ಉಳಿಯುವುದಿಲ್ಲ, ಆದರೆ ಆ ಭಾರ ತುದಿಯಲ್ಲಿ ಇರುವುದರಿಂದ ಕೈಗೆ ಗೊತ್ತಾಗುತ್ತದೆ. ಸದ್ದು ಅಡಗಿಸುವ ಕೊಳವೆ ಹಾಕುವವನಾದರೆ ಅದು ಇನ್ನೊಂದು ಏಳೆಂಟು ಇಂಚು ಸೇರಿಸುತ್ತದೆ. ಮೊದಲೇ ಗಿಡ್ಡ ನಳಿಗೆ ತಗೊಳ್ಳಲಿ.

ಗಿಡ್ಡ ನಳಿಗೆಯಿಂದ ಸದ್ದು ಜಾಸ್ತಿಯಾ?

ಹೌದು. ಬಾಯಿ ಕಿವಿಗೆ ಹತ್ತಿರ, ಹೊರಬೀಳುವ ಗಾಳಿಯ ಒತ್ತಡವೂ ಹೆಚ್ಚು. ಹೆಚ್ಚುಕಡಿಮೆ ಎಲ್ಲ ಬಂದೂಕುಗಳ ಸದ್ದೂ 140 ಡೆಸಿಬಲ್ ದಾಟುತ್ತದೆ, ಒಂದೇ ಏಟಿಗೆ ಕಿವಿ ಹಾಳಾಗಬಹುದು. ಕಿವಿಗೆ ರಕ್ಷಣೆ ಹಾಕಿ. ಹತ್ತಿ ಸಾಲದು.

ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ. ನಮಗೆ ಯಾಕೆ ಈ ಗೋಳು?

ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. ಅದಕ್ಕೂ ಷರತ್ತುಗಳಿವೆ. ಬೇಟೆಯ ಕಾನೂನಿನಲ್ಲಿ ಅವರಿಗೆ ಯಾವ ವಿನಾಯಿತಿಯೂ ಇಲ್ಲ.

ನಮ್ಮ ಕಡೆಯ ಕಥೆ ತಿರುವುಮುರುವು. 1857ರಲ್ಲಿ ಹತಾರ ಒಪ್ಪಿಸಿ ಅಂತ ಬ್ರಿಟಿಷರ ಕಾಯ್ದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಮರುವರ್ಷ ನರಗುಂದ ಬ್ರಿಟಿಷರ ವಿರುದ್ಧ ಎದ್ದಿತು. ಅದರ ಸಿಟ್ಟು ಆಳುವವರ ನೆನಪಿನಲ್ಲಿ ಬಹಳ ಕಾಲ ಉಳಿದಿರಬೇಕು. ಇದನ್ನು ಕಚೇರಿಯ ಕೌಂಟರಿನಲ್ಲಿ ಹೇಳಿದರೆ ಫೈಲು ಬೇಗ ಸರಿಯುವುದಿಲ್ಲ.

ಮಂಗ, ಗಿಳಿ ಓಡಿಸಲು ಏರ್ ಗನ್ ಸಾಕಲ್ವಾ? ಅದಕ್ಕೆ ಲೈಸೆನ್ಸ್ ಇಲ್ಲವಲ್ಲ?

4.5 ಮಿಲಿಮೀಟರ್ ಬೋರಿನ, 20 ಜೂಲ್ ಒಳಗಿನ ಶಕ್ತಿಯ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಅದರಿಂದ ಗಿಳಿ ಹೊಡೆದರೂ ಅದು ಬೇಟೆಯೇ. ತಗಡು ಬಡಿಯಿರಿ, ಬಲೆ ಹಾಕಿ, ಮಿಂಚುವ ಪಟ್ಟಿ ಕಟ್ಟಿ. ಪೈಪಿನಲ್ಲಿ ಕಾರ್ಬೈಡ್ ಹಾಕಿ ಸಿಡಿಸುವ ಆಟ ಬೇಡ. ಅದರಿಂದ ಮಕ್ಕಳ ಕಣ್ಣು ಹೋಗಿವೆ.

ಎಲ್ಲ ಸರಿ, ಅಂಗಡಿಗೆ ಹೋದಾಗ ಏನು ನೋಡಿ ತಗೊಳ್ಳಲಿ?

ಕಾಗದ ಮೊದಲು. ಗದಗ, ಹಾವೇರಿಯವರಿಗೆ ಜಿಲ್ಲಾಧಿಕಾರಿ ಕಚೇರಿ, ಹುಬ್ಬಳ್ಳಿ-ಧಾರವಾಡ ನಗರದವರಿಗೆ ಪೊಲೀಸ್ ಆಯುಕ್ತರ ಕಚೇರಿ. ಈಗ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಅವಧಿ ಐದು ವರ್ಷದವರೆಗೆ.

ಅಂಗಡಿಯಲ್ಲಿ ಖಾಲಿ ಬಂದೂಕು ಕೇಳಿ, ಖಾಲಿ ಅಂತ ನೀವೇ ನೋಡಿ. ಹೊರಗೆ ಹೊಲಕ್ಕೆ ಹೋಗುವಾಗ ಹಾಕುವ ಬಟ್ಟೆಯಲ್ಲೇ ಹೋಗಿ. ಚಳಿಗಾಲದಲ್ಲಿ ರಾತ್ರಿ ಕಾವಲಿಗೆ ಕಂಬಳಿ ಹೊದೆಯುವವರು ಅಂಗಿಯಲ್ಲಿ ಅಳತೆ ನೋಡಿ ತಂದರೆ, ಆಮೇಲೆ ಹಿಡಿ ಕಂಬಳಿಗೆ ಸಿಕ್ಕಿಕೊಳ್ಳುತ್ತದೆ. ಸುರಕ್ಷಿತ ದಿಕ್ಕಿನ ಗೋಡೆಯ ಮೇಲೆ ಒಂದು ಚುಕ್ಕೆ ಹಿಡಿದುಕೊಳ್ಳಿ. ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕೆ ಏರಿಸಿ, ಕಣ್ಣು ಬಿಡಿ. ಗುರಿಕಡ್ಡಿ ಚುಕ್ಕೆಯ ಹತ್ತಿರವೇ ಇದ್ದರೆ ಬಂದೂಕು ನಿಮ್ಮ ಮೈಗೆ ಒಗ್ಗಿದೆ. ಎಡಗೈ ಚಾಚಿ ಅರ್ಧ ನಿಮಿಷ ಹಾಗೇ ನಿಲ್ಲಿ. ತುದಿ ಕೆಳಗೆ ಜಾರುತ್ತಿದ್ದರೆ ನಳಿಗೆ ನಿಮಗೆ ಉದ್ದವಾಯಿತು, ಎರಡು ಇಂಚು ಕಡಿಮೆಯದ್ದು ಕೇಳಿ. ಎತ್ತರ ಕಡಿಮೆ ಇರುವವರಿಗೆ, ಹೆಣ್ಣುಮಕ್ಕಳಿಗೆ ಎಷ್ಟೋ ಸಲ ನಳಿಗೆಗಿಂತ ಹಿಂದಿನ ಹಿಡಿಯೇ ಉದ್ದವಾಗಿರುತ್ತದೆ. ಅದನ್ನು ಬಡಗಿಗೆ ಕೊಡದೆ ಅಂಗಡಿಯಲ್ಲೇ ಸರಿಮಾಡಿಸಿ.

ಮನೆಯ ಕಪಾಟನ್ನೂ ಅಳೆದುಕೊಂಡು ಹೋಗಿ. 30 ಇಂಚಿನ ನಳಿಗೆಯ ಬಂದೂಕು ಪೂರ್ತಿ ಸೇರಿ ನಾಲ್ಕು ಅಡಿ ಆಗುತ್ತದೆ. ಬೀಗ ಹಾಕುವ ಕಪಾಟಿನಲ್ಲಿ ಹಿಡಿಸದೆ ಮಂಚದ ಕೆಳಗೆ ಇಡುವ ಹಾಗಾಗಬಾರದು. ಮುರಿಬಂದೂಕಿನ ನಳಿಗೆ ಬಿಚ್ಚಿಟ್ಟರೆ ಚಿಕ್ಕ ಪೆಟ್ಟಿಗೆ ಸಾಕು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲೂ ಆ ಪೆಟ್ಟಿಗೆಯೇ ಅನುಕೂಲ. ಒಪ್ಪಿಸುವಾಗ ನಳಿಗೆಯ ಮೇಲಿನ ನಂಬರ್ ಬರೆಸಿ ರಸೀದಿ ತಗೊಳ್ಳಿ. ವಾಪಸ್ ತರುವ ದಿನ ಅದೇ ನಂಬರ್ ಹೌದಾ ಅಂತ ಅಲ್ಲೇ ನಿಂತು ತಾಳೆ ನೋಡಿ.